ರಬ್ಬರಿನೊಳಗೆ ಬರೆದ ದಿಕ್ಕು

ಬೆಂಗಳೂರಿನ ಪೀಣ್ಯದಲ್ಲಿ ಆಯಿಲ್ ಸೀಲ್, ಗ್ಯಾಸ್ಕೆಟ್, ಒ-ರಿಂಗ್ ಮಾಡುವ ಒಂದು ಸಣ್ಣ ಘಟಕ. ಯಜಮಾನರಿಗೆ ರಬ್ಬರು ಕೈಗೆ ಹತ್ತಿದ ವಿದ್ಯೆ. ಅವರ ಅಕ್ಕನ ಮಗಳು ಎಂಜಿನಿಯರಿಂಗ್ ಸಂಶೋಧನೆಯಲ್ಲಿದ್ದಾಳೆ. ಅಯಸ್ಕಾಂತದ ಪುಡಿ ಬೆರೆಸಿದ ಸಿಲಿಕೋನ್ ಹಾಳೆ ಮಾಡಿಸಿಕೊಳ್ಳಲು ಬಂದಿದ್ದಾಳೆ.

ಮಾವ: ಹಾಳೆ 1 ಮಿಲಿಮೀಟರ್ ದಪ್ಪ ಇರಬೇಕು, ಮೆತ್ತಗಿರಬೇಕು, ಪುಡಿಯೂ ಧಾರಾಳವಾಗಿ ಇರಬೇಕು. ಮೂರನ್ನೂ ಒಟ್ಟಿಗೆ ಕೇಳ್ತಿದ್ದೀಯಲ್ಲೇ! ಪುಡಿ ಹಾಕ್ತಾ ಹೋದ್ರೆ ರಬ್ಬರು ಗಡಸಾಗುತ್ತೆ ಅನ್ನೋದು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಗೊತ್ತು. ಕಾರ್ಬನ್ ಬ್ಲ್ಯಾಕ್ ಹಾಕೋದೇ ಅದಕ್ಕೆ.

ಸೊಸೆ: ನನ್ನ ಥೀಸಿಸ್‌ನ ಅರ್ಧ ಭಾಗ ಆ ಜಗಳವೇ ಮಾವ. ಪುಡಿ ಕಮ್ಮಿಯಾದ್ರೆ ಅಯಸ್ಕಾಂತಕ್ಕೆ ಹಿಡಿಯೋಕೆ ಏನೂ ಸಿಗಲ್ಲ. ಜಾಸ್ತಿಯಾದ್ರೆ ರಬ್ಬರೇ ಬಗ್ಗಲ್ಲ.

ಮಾವ: ಫ್ರಿಡ್ಜ್ ಬಾಗಿಲಿನ ಗ್ಯಾಸ್ಕೆಟ್ ಒಳಗೆ ಒಂದು ಕಂದು ಪಟ್ಟಿ ಇರುತ್ತಲ್ಲ, ಫೆರೈಟ್ ಪುಡಿ ಬೆರೆಸಿದ್ದು? ಅದು ಮಾರ್ಕೆಟ್‌ಗೆ ಬಂದು ಎಷ್ಟೋ ಕಾಲವಾಯ್ತು. ನೀನು ಕೇಳ್ತಿರೋದು ಅದನ್ನೇ ಅಲ್ವೇ?

ಸೊಸೆ: ಅದರ ದಾಯಾದಿ ಅಂತ ಹೇಳಬಹುದು. ಆ ಪಟ್ಟಿಯನ್ನ ನಾವು ಬಗ್ಗಿಸಿದ್ರೆ ಬಗ್ಗುತ್ತೆ. ನನಗೆ ಬೇಕಾಗಿರೋದು ಕೈ ಮುಟ್ಟದೆ, ಹೊರಗೆ ಕಾಂತಕ್ಷೇತ್ರ ಹಚ್ಚಿದ ತಕ್ಷಣ ತಾನೇ ಬಗ್ಗೋ ರಬ್ಬರು. ಸ್ವಲ್ಪಸ್ವಲ್ಪ ಅಲ್ಲ, ಉದ್ದನೆಯ ಪಟ್ಟಿ ಸುರುಳಿ ಸುತ್ತಿಕೊಳ್ಳೋ ಹಾಗೆ. ಆರಿಸಿದ ತಕ್ಷಣ ಮತ್ತೆ ನೆಟ್ಟಗಾಗಬೇಕು.

ಮಾವ: ಕಬ್ಬಿಣ ಅಯಸ್ಕಾಂತಕ್ಕೆ ಸಿಕ್ಕಿದ್ರೆ ಉದ್ದ ಆಗುತ್ತೆ ಅಂತ ಕಾಲೇಜಲ್ಲಿ ಓದಿದ ನೆನಪು. ಎಷ್ಟು ಅನ್ನೋದು ಮರೆತಿದೆ.

ಸೊಸೆ: ಮರೆತರೂ ನಷ್ಟವಿಲ್ಲ, ಅಷ್ಟು ಸಣ್ಣದು. ಜೇಮ್ಸ್ ಜೌಲ್ 1842ರಲ್ಲಿ ಅದನ್ನ ಕಂಡುಹಿಡಿದ. ಲಕ್ಷಕ್ಕೆ ಒಂದು ಪಾಲಿನ ಆಸುಪಾಸು. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಲ್ಲ, ಅದಕ್ಕೆ ಮುಖ್ಯ ಕಾರಣ ಅದೇ. ಅದು ಹಾಗಿರಲಿ, ಅಯಸ್ಕಾಂತದ ನೇರ ಎಳೆತವನ್ನ ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. 1 ಟೆಸ್ಲಾ ಕ್ಷೇತ್ರ ಕಬ್ಬಿಣದ ಮುಖವನ್ನ ಎಳೆಯೋದು ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ. ಬಲದಲ್ಲಿ.

ಮಾವ: ಅಷ್ಟೇನಾ? ನಮ್ಮ ಕಂಪ್ರೆಸರ್ ಗಾಳಿಯ ಪ್ರೆಷರ್ ಅದಕ್ಕಿಂತ ಜಾಸ್ತಿ.

ಸೊಸೆ: ಅಷ್ಟೇ. ಆ ಎಳೆತಕ್ಕೆ ಉಕ್ಕನ್ನ ಕೊಡಿ. ಉಕ್ಕಿನ ಮಾಡ್ಯುಲಸ್, ಅಂದ್ರೆ ಹಿಗ್ಗದೆ ತಡೆಯೋ ಬಿಗುವು, ಚದರ ಸೆಂಟಿಮೀಟರಿಗೆ 20 ಲಕ್ಷ ಕೆ.ಜಿ. ಹಾಗಾಗಿ ಹಿಗ್ಗೋದು ಹತ್ತು ಲಕ್ಷದಲ್ಲಿ ಎರಡು ಪಾಲು. ಈಗ ಅದೇ 4 ಕೆ.ಜಿ.ಯನ್ನ ತುಂಬ ಮೆತ್ತನೆಯ ಸಿಲಿಕೋನಿಗೆ ಕೊಡಿ. ಸಿನಿಮಾದವರು ಮುಖವಾಡಕ್ಕೆ ಸುರಿಯೋ ಜಾತಿಯ ಸಿಲಿಕೋನ್ ಇದೆಯಲ್ಲ, ಅದರ ಮಾಡ್ಯುಲಸ್ 1 ಕೆ.ಜಿ.ಯೂ ಇಲ್ಲ, ಮುಕ್ಕಾಲು ಕೆ.ಜಿ.ಯ ಹತ್ತಿರ. ಅಂದ್ರೆ ಅಯಸ್ಕಾಂತ ಎಳೆಯೋ ಬಲ ರಬ್ಬರು ತಡೆಯೋ ಬಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಮಾವ: ಹಾಗಾದ್ರೆ ಅಯಸ್ಕಾಂತ ಬಡಪಾಯಿಯಲ್ಲ. ನಾವು ಅದನ್ನ ಉಕ್ಕಿನ ಜೊತೆ ಕುಸ್ತಿಗೆ ಬಿಟ್ಟಿದ್ವಿ.

ಸೊಸೆ: ಸರಿಯಾಗಿ ಹೇಳಿದ್ರಿ. ಆದ್ರೆ ಸಿಲಿಕೋನಿಗೆ ಅಯಸ್ಕಾಂತದ ಗೊಡವೆಯೇ ಇಲ್ಲ. ಎಳೆಸಿಕೊಳ್ಳೋಕೆ ಒಳಗೆ ಲೋಹದ ಪುಡಿ ಬೇಕು. ಪುಡಿ ಬೆರೆಸಿದಾಗ ಈ 4 ಕೆ.ಜಿ. ಪೂರ್ತಿ ಸಿಗಲ್ಲ. ಎಷ್ಟು ಸಿಗುತ್ತೆ ಅನ್ನೋದು ಯಾವ ಪುಡಿ, ಎಷ್ಟು, ಯಾವ ದಿಕ್ಕಿಗೆ ಅನ್ನೋದನ್ನ ಅವಲಂಬಿಸಿದೆ.

ಮಾವ: ಪುಡಿಯಿಂದಲೇ ಶುರು ಮಾಡು. ಕಬ್ಬಿಣದ ಪುಡಿ ಅಗ್ಗ.

ಸೊಸೆ: ಹಳೇ ದಾರಿ ಅದೇ. ಕಾರ್ಬೊನಿಲ್ ಕಬ್ಬಿಣ ಅಂತ ಬರುತ್ತೆ, ಕೆಲವೇ ಮೈಕ್ರಾನ್ ಅಳತೆಯ ದುಂಡನೆಯ ಕಣಗಳು. ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಜೇಕಬ್ ರಾಬಿನೋ ಅನ್ನೋ ಎಂಜಿನಿಯರ್ 1940ರ ದಶಕದ ಕೊನೆಯಲ್ಲಿ ಕಬ್ಬಿಣದ ಪುಡಿಯನ್ನ ಎಣ್ಣೆಗೆ ಬೆರೆಸಿ ಕ್ಲಚ್ ಮಾಡಿದ. ಕ್ಷೇತ್ರ ಹಚ್ಚಿದ್ರೆ ಕಣಗಳು ಸರಪಳಿ ಕಟ್ಟಿ ಎಣ್ಣೆ ಹೆಪ್ಪಾಗುತ್ತೆ, ಆರಿಸಿದ್ರೆ ಮತ್ತೆ ಹರಿಯುತ್ತೆ. 2002ರಲ್ಲಿ ಕ್ಯಾಡಿಲಾಕ್ ಕಾರಿನ ಶಾಕ್ ಅಬ್ಸಾರ್ಬರ್‌ಗೆ ಆ ಎಣ್ಣೆಯೇ ಬಂತು. ಎಣ್ಣೆಯ ಬದಲು ರಬ್ಬರು ಹಾಕಿದ್ರೆ ಕಣಗಳು ಹರಿಯಲ್ಲ, ಇದ್ದಲ್ಲೇ ಒಂದನ್ನೊಂದು ಎಳೆದು ರಬ್ಬರನ್ನ ಬಿಗಿ ಮಾಡುತ್ತವೆ. ಫೋರ್ಡ್ ಕಂಪನಿಯ ಪ್ರಯೋಗಾಲಯದವರು 1990ರ ದಶಕದಲ್ಲಿ ಇದರಿಂದ ಸಸ್ಪೆನ್ಷನ್ ಬುಷ್ ಮಾಡಿ ನೋಡಿದ್ರು. ಬೇಕಾದಾಗ ಗಟ್ಟಿ, ಬೇಡವಾದಾಗ ಮೆತ್ತಗೆ. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಕಂಪನ ತಡೆಯೋಕೆ ಈ ಬಗೆಯ ರಬ್ಬರಿನ ಮೇಲೆ ಕೆಲಸ ಆಗಿದೆ.

ಮಾವ: ಬುಷ್ ನನಗೂ ಅರ್ಥವಾಗೋ ಮಾಲು. ನೀನು ಅದನ್ನ ಬಿಟ್ಟು ಬೇರೆ ದಾರಿ ಯಾಕೆ ಹಿಡಿದೆ?

ಸೊಸೆ: ಬುಷ್ ಬಿಗಿಯಾಗುತ್ತೆ, ನಿಜ, ಆಕಾರ ಅಷ್ಟಾಗಿ ಬದಲಾಗಲ್ಲ. ಕಬ್ಬಿಣಕ್ಕೆ ನೆನಪಿಲ್ಲ. ಕ್ಷೇತ್ರ ಇರೋವರೆಗೆ ಅಯಸ್ಕಾಂತ, ಹೋದ ಮೇಲೆ ಬರೀ ಕಬ್ಬಿಣ. ಯಾವ ಕಡೆಯಿಂದ ಕ್ಷೇತ್ರ ಬಂದ್ರೂ ಆ ಕಡೆಗೇ ಒಗ್ಗಿಕೊಳ್ಳುತ್ತೆ. ಅದನ್ನ ಎಳೀಬಹುದು, ‘ಇತ್ತ ತಿರುಗು’ ಅಂತ ಹೇಳೋದು ಕಷ್ಟ. ಇನ್ನೊಂದು ತಲೆನೋವು, ಒಂದೇ ಕಾಂಪೌಂಡಿಂದ ಬಿಲ್ಲೆ ಮಾಡಿ ಅಳೆದ್ರೆ ಒಂದು ಉತ್ತರ, ಕೋಲು ಮಾಡಿ ಅಳೆದ್ರೆ ಇನ್ನೊಂದು.

ಮಾವ: ತಡಿ ತಡಿ. ಒಂದೇ ಬ್ಯಾಚು, ಒಂದೇ ಕ್ಯೂರಿಂಗು, ಬೇರೆ ಬೇರೆ ಉತ್ತರವೇ? ಹಾಗಂತ ನಾನು ಟೆಸ್ಟ್ ರಿಪೋರ್ಟ್ ಕೊಟ್ರೆ ಗಿರಾಕಿ ಅದನ್ನ ನನ್ನ ಮುಖಕ್ಕೇ ಎಸೀತಾನೆ.

ಸೊಸೆ: ಎಸೀಬಾರದು, ಯಾಕಂದ್ರೆ ಅದು ನಿಮ್ಮ ಮಾಲಿನ ತಪ್ಪಲ್ಲ. ಅಯಸ್ಕಾಂತವಾದ ವಸ್ತು ತನ್ನ ಎರಡು ತುದಿಗಳಿಂದ ತನ್ನೊಳಗೇ ಒಂದು ಎದುರು ಕ್ಷೇತ್ರ ಹುಟ್ಟಿಸಿಕೊಳ್ಳುತ್ತೆ. ತುದಿಗಳು ದೂರ ಇದ್ದಷ್ಟೂ ಅದರ ಕಾಟ ಕಮ್ಮಿ. ಉದ್ದನೆಯ ಕೋಲಿನ ಉದ್ದಕ್ಕೆ ಹಚ್ಚಿದ್ರೆ ಹೆಚ್ಚುಕಮ್ಮಿ ಸೊನ್ನೆ, ಗೋಳಕ್ಕೆ ಮೂರರಲ್ಲಿ ಒಂದು ಪಾಲು, ತೆಳು ಬಿಲ್ಲೆಗೆ ಅಡ್ಡಲಾಗಿ ಹಚ್ಚಿದ್ರೆ ಹತ್ತಿರ ಹತ್ತಿರ ಒಂದು. ಅಂದ್ರೆ ಹೊರಗೆ ಒಂದೇ ಕ್ಷೇತ್ರ ಇದ್ರೂ ಒಳಗಿನ ಕಣಗಳಿಗೆ ಸಿಗೋದು ಬೇರೆ ಬೇರೆ. ಇಷ್ಟರ ಮೇಲೆ ರಬ್ಬರು ಹಿಗ್ಗಿದ ಹಾಗೆಲ್ಲ ಆಕಾರ ಬದಲಾಗುತ್ತೆ, ಆಕಾರ ಬದಲಾದ್ರೆ ಒಳಗಿನ ಕ್ಷೇತ್ರ, ಅದು ಬದಲಾದ್ರೆ ಬಲ, ಬಲ ಬದಲಾದ್ರೆ ಮತ್ತೆ ಆಕಾರ. ‘ಈ ವಸ್ತು ಇಷ್ಟು ಹಿಗ್ಗುತ್ತೆ’ ಅಂತ ಹಳೇ ಪೇಪರುಗಳಲ್ಲಿ ಆಕಾರ ಹೇಳದೆ ಬರೆದಿರೋದು ಕಂಡ್ರೆ ನನಗೆ ಸಿಟ್ಟೇ ಬರುತ್ತೆ.

ಮಾವ: ಸಿಟ್ಟು ಆಮೇಲೆ ಮಾಡ್ಕೊ. ಕಬ್ಬಿಣ ಬೇಡ ಅಂದ ಮೇಲೆ ಇನ್ನ್ಯಾವುದು?

ಸೊಸೆ: ನಿಯೋಡಿಮಿಯಂ–ಕಬ್ಬಿಣ–ಬೋರಾನ್. 1980ರ ದಶಕದ ಮೊದಲಲ್ಲಿ ಜಪಾನಿನ ಸುಮಿಟೊಮೊದಲ್ಲಿ ಮಸಾಟೊ ಸಗಾವಾ, ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಜಾನ್ ಕ್ರೋಟ್, ಇಬ್ಬರೂ ಬೇರೆ ಬೇರೆ ದಾರಿಯಿಂದ ಅಲ್ಲಿಗೆ ತಲುಪಿದ್ರು. ಇಯರ್‌ಫೋನಿಂದ ಹಿಡಿದು ಎಲೆಕ್ಟ್ರಿಕ್ ಸ್ಕೂಟರಿನ ಮೋಟರ್‌ವರೆಗೆ ಅದೇ ಅಯಸ್ಕಾಂತ. ಅದಕ್ಕೆ ನೆನಪು ಗಟ್ಟಿ. ಒಂದು ಸಲ ಬಲವಾಗಿ ದಿಕ್ಕು ಹಾಕಿಬಿಟ್ರೆ ಸಣ್ಣಪುಟ್ಟ ಕ್ಷೇತ್ರಕ್ಕೆಲ್ಲ ಜಗ್ಗಲ್ಲ.

ಮಾವ: ಆ ನೆನಪಿಂದ ನಿನಗೆ ಏನು ಲಾಭ?

ಸೊಸೆ: ಅಯಸ್ಕಾಂತ ಎರಡು ಕೆಲಸ ಮಾಡಬಲ್ಲದು, ಎಳೆಯೋದು, ತಿರುಗಿಸೋದು. ಎಳೀಬೇಕಂದ್ರೆ ಕ್ಷೇತ್ರ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇರಬೇಕು. ಎಲ್ಲ ಕಡೆ ಒಂದೇ ಸಮ ಇದ್ರೆ ಎಳೆತ ಸೊನ್ನೆ. ತಿರುಗಿಸೋಕೆ ಆ ರಗಳೆ ಇಲ್ಲ. ದಿಕ್ಸೂಚಿಯ ಮುಳ್ಳು ನೋಡಿ, ಭೂಮಿಯ ಕ್ಷೇತ್ರ ಅದನ್ನ ತಿರುಗಿಸುತ್ತೆ, ಉತ್ತರಕ್ಕೆ ಎಳ್ಕೊಂಡು ಹೋಗಲ್ಲ. ನನ್ನ ರಬ್ಬರಿನ ಒಳಗಿರೋ ಒಂದೊಂದು ಕಣವೂ ಅಂಥ ಮುಳ್ಳು. ಆದ್ರೆ ರಬ್ಬರಿಗೆ ಅಂಟಿಕೊಂಡಿದೆ. ಅದು ತಿರುಗೋಕೆ ಹೋದ್ರೆ ಸುತ್ತಲಿನ ರಬ್ಬರನ್ನೂ ತಿರುಚಿಕೊಂಡೇ ತಿರುಗಬೇಕು. ಕೋಟಿಗಟ್ಟಲೆ ಕಣ ಒಟ್ಟಿಗೆ ತಿರುಚಿದಾಗ ಪಟ್ಟಿ ಬಾಗುತ್ತೆ. ಎಲ್ಲಿ, ಯಾವ ಕಡೆಗೆ ಬಾಗಬೇಕು ಅನ್ನೋದನ್ನ ನಾವು ಮೊದಲೇ ಬರೆದಿಡಬಹುದು.

ಮಾವ: ರಬ್ಬರಿನೊಳಗೆ ಹೇಗೆ ಬರೀತೀಯ?

ಸೊಸೆ: ಫ್ರಿಡ್ಜಿಗೆ ಅಂಟಿಸೋ ತೆಳು ಸ್ಟಿಕ್ಕರ್ ಎರಡನ್ನ ಬೆನ್ನಿಗೆ ಬೆನ್ನು ಕೊಟ್ಟು ಜಾರಿಸಿ ನೋಡಿ, ಟಕ್ ಟಕ್ ಅಂತ ತಡೆದು ತಡೆದು ಜಾರುತ್ತೆ. ಅದರಲ್ಲಿ ಉತ್ತರ, ದಕ್ಷಿಣ ಅಂತ ಗೆರೆಗೆರೆಯಾಗಿ ಬರೆದಿರ್ತಾರೆ. ನಮ್ಮ ಕೆಲಸ ಅದಕ್ಕಿಂತ ಸ್ವಲ್ಪ ಚಮತ್ಕಾರದ್ದು. ಜರ್ಮನಿಯ ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮೆಟಿನ್ ಸಿಟ್ಟಿಯವರ ತಂಡ 2018ರಲ್ಲಿ ತೋರಿಸಿದ ಪಟ್ಟಿ ಬರೀ 3.7 ಮಿಲಿಮೀಟರ್ ಉದ್ದ. ಮೆತ್ತನೆಯ ಸಿಲಿಕೋನ್, ಒಳಗೆ ನಿಯೋಡಿಮಿಯಂ ಪುಡಿ. ಆ ಪಟ್ಟಿಯನ್ನ ಸಣ್ಣ ಕಡ್ಡಿಗೆ ಒಂದು ಸುತ್ತು ಸುತ್ತಿ, ಸುತ್ತಿದ ಹಾಗೇ ಬಲವಾದ ಕ್ಷೇತ್ರಕ್ಕೆ ಒಡ್ಡಿದ್ರು. ಆಗ ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಕಾಂತೀಕರಣ ಆಗುತ್ತವೆ. ಬಿಚ್ಚಿ ನೆಟ್ಟಗೆ ಮಾಡಿದಾಗ ನೋಡಿ, ಪಟ್ಟಿಯ ಉದ್ದಕ್ಕೂ ದಿಕ್ಕು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿದೆ. ಹೊರಗಿಂದ ಕ್ಷೇತ್ರ ಹಚ್ಚಿ, ಅದರ ದಿಕ್ಕು, ಬಲ ಬದಲಾಯಿಸ್ತಾ ಹೋದ್ರೆ ಅದೇ ಪಟ್ಟಿ ತೆವಳುತ್ತೆ, ಉರುಳುತ್ತೆ, ನೆಗೆಯುತ್ತೆ, ನೀರಲ್ಲಿ ಈಜುತ್ತೆ, ಸಣ್ಣ ಸಾಮಾನು ಹೊತ್ತುಕೊಂಡೂ ಹೋಗುತ್ತೆ.

ಮಾವ: ಮೋಟರ್ ಇಲ್ಲ, ಬ್ಯಾಟರಿ ಇಲ್ಲ.

ಸೊಸೆ: ವೈರೂ ಇಲ್ಲ. ಅದೇ ವರ್ಷ ಎಂಐಟಿಯಲ್ಲಿ ಶುವಾನ್‌ಹೆ ಜಾವೊ ಅವರ ತಂಡ ಇನ್ನೊಂದು ದಾರಿ ಹಿಡೀತು, 3ಡಿ ಪ್ರಿಂಟಿಂಗ್. ನಳಿಕೆಯ ಬಾಯಿಗೇ ಒಂದು ಅಯಸ್ಕಾಂತ ಇಟ್ಟು, ಸಿಲಿಕೋನ್ ಹೊರಗೆ ಬರೋ ಹೊತ್ತಿಗೆ ಕಣಗಳನ್ನ ಬೇಕಾದ ಕಡೆ ತಿರುಗಿಸೋದು. ಆ ಗೆರೆಗೆ ಈ ದಿಕ್ಕು, ಈ ಗೆರೆಗೆ ಆ ದಿಕ್ಕು. ಚಪ್ಪಟೆ ಜಾಲರಿಯಾಗಿ ಅಚ್ಚಾದದ್ದು ಕ್ಷೇತ್ರ ಹಚ್ಚಿದ್ರೆ ಅರ್ಧ ಸೆಕೆಂಡಿನೊಳಗೆ ಎದ್ದು ಬೇರೆ ಆಕಾರವಾಗುತ್ತೆ.

ಮಾವ: ಒಂದು ಅನುಮಾನ. ಕಾಂತ ಹತ್ತಿದ ಪುಡಿಯನ್ನ ಹಸಿ ಸಿಲಿಕೋನಿಗೆ ಹಾಕಿದ್ರೆ ಅದು ಒಂದಕ್ಕೊಂದು ಅಂಟಿಕೊಂಡು ಉಂಡೆ ಕಟ್ಟಲ್ವಾ?

ಸೊಸೆ: ಕಟ್ಟುತ್ತೆ! ನಮ್ಮ ಲ್ಯಾಬಿಗೆ ಬರೋರು ಈ ಪ್ರಶ್ನೆ ಕೇಳೋದೇ ಅಪರೂಪ. ಎಂಐಟಿಯವರು ಫ್ಯೂಮ್ಡ್ ಸಿಲಿಕಾ ಬೆರೆಸಿ ಸಿಲಿಕೋನನ್ನ ಟೂತ್‌ಪೇಸ್ಟಿನ ಹದಕ್ಕೆ ತಂದ್ರು, ಕಣ ಸುಮ್ಮನೆ ಅಲುಗಾಡದ ಹಾಗೆ. ನನಗೆ ಹಾಳೆ ಸಾಕು, ಪ್ರಿಂಟಿಂಗ್ ಬೇಡ. ಹಾಗಾಗಿ ಕಾಂತ ಹತ್ತಿಸದ ಪುಡಿಯನ್ನೇ ಬೆರೆಸೋದು, ಕ್ಯೂರ್ ಮಾಡೋದು, ಕತ್ತರಿಸೋದು, ಬೇಕಾದ ಹಾಗೆ ಮಡಿಸೋದು, ಎಲ್ಲ ಆದ ಮೇಲೆ 2.7 ಟೆಸ್ಲಾದ ಹತ್ತಿರ ಒಂದು ಕ್ಷಣದ ಪಲ್ಸ್ ಕೊಡೋದು. ಕೊನೆಯ ಕೆಲಸ ನಮ್ಮ ಲ್ಯಾಬಲ್ಲೇ ಆಗುತ್ತೆ.

ಮಾವ: ಪುಡಿ ಎಷ್ಟು?

ಸೊಸೆ: ಗಾತ್ರದಲ್ಲಿ 20 ಪರ್ಸೆಂಟ್.

ಮಾವ: ಗಾತ್ರದ ಮಾತು ನಮ್ಮಲ್ಲಿ ನಡೆಯಲ್ಲ. ನೂರು ಪಾಲು ರಬ್ಬರಿಗೆ ತೂಕದಲ್ಲಿ ಎಷ್ಟು, ಅದನ್ನ ಹೇಳು.

ಸೊಸೆ: ಪುಡಿಯ ಸಾಂದ್ರತೆ 7.6, ಸಿಲಿಕೋನಿಂದು 1.07. ಲೆಕ್ಕ ಹಾಕಿದ್ರೆ ನೂರಕ್ಕೆ 178 ಪಾಲು.

ಮಾವ: ಅಬ್ಬಾ! ರಬ್ಬರಿಗಿಂತ ಪುಡಿಯೇ ಜಾಸ್ತಿ. 20 ಅನ್ನೋದು ಎಲ್ಲಿಂದ ಬಂತು? 10 ಹಾಕಿದ್ರೆ ಅಗ್ಗ, ಮೆತ್ತಗೂ ಇರುತ್ತೆ. 40 ಹಾಕಿದ್ರೆ ಕಾಂತ ಜಾಸ್ತಿ.

ಸೊಸೆ: ತಿರುಗಿಸೋ ಬಲ ಪುಡಿಗೆ ನೇರವಾಗಿ ಏರುತ್ತೆ, ಎರಡರಷ್ಟು ಪುಡಿಗೆ ಎರಡರಷ್ಟು ಬಲ. ಬಿಗುವು ಹಾಗಲ್ಲ. ಮೊದಮೊದಲು ನಿಧಾನವಾಗಿ ಏರಿ ಆಮೇಲೆ ಓಡುತ್ತೆ. ನಿಮ್ಮ ಕಾರ್ಬನ್ ಬ್ಲ್ಯಾಕ್ ಲೆಕ್ಕಕ್ಕೆ ಗುತ್ ಮತ್ತು ಗೋಲ್ಡ್ 1938ರಲ್ಲಿ ಕೊಟ್ಟ ಸೂತ್ರವೇ ಇಲ್ಲಿಗೂ ಸಲ್ಲುತ್ತೆ. ಅದರ ಪ್ರಕಾರ ಗಾತ್ರದಲ್ಲಿ 10 ಪರ್ಸೆಂಟ್ ಪುಡಿಗೆ ಬಿಗುವು 1.4 ಪಟ್ಟು, 20ಕ್ಕೆ ಎರಡು ಪಟ್ಟು ಚಿಲ್ಲರೆ, 30ಕ್ಕೆ ಮೂರು ಪಟ್ಟು, 40ಕ್ಕೆ ನಾಲ್ಕನ್ನೂ ದಾಟುತ್ತೆ. ಬಲವನ್ನ ಬಿಗುವಿಂದ ಭಾಗಿಸಿದ್ರೆ ಒಂದು ಗುಡ್ಡ ಬರುತ್ತೆ, ಅದರ ತುದಿ 27 ಪರ್ಸೆಂಟ್ ಹತ್ತಿರ. ಪುಡಿ ಜಾಸ್ತಿಯಾದಾಗ ಬಿಗುವು ಇನ್ನೂ ಬೇಗ ಏರುತ್ತೆ ಅನ್ನೋ ಮೂನಿಯ ಸೂತ್ರ ಹಿಡಿದ್ರೆ ತುದಿ 21ರ ಹತ್ತಿರ. ಬಾಗೋದು ಮಾತ್ರ ಸಾಲದು, ಬಾಗಿ ಏನನ್ನಾದ್ರೂ ತಳ್ಳಬೇಕು, ಕೆಲಸ ಮಾಡಬೇಕು ಅನ್ನೋದಾದ್ರೆ ಅದೇ ಮೂನಿ ಸೂತ್ರದಲ್ಲಿ 29. ಗುಡ್ಡದ ನೆತ್ತಿ ಚಪ್ಪಟೆ ಇದೆ, ಒಂದೆರಡು ಪರ್ಸೆಂಟ್ ಆಚೀಚೆ ಆದ್ರೆ ಮುಳುಗಿಹೋಗೋದೇನಿಲ್ಲ. ಕಡಿಮೆ ಪುಡಿ ಕಲಸೋಕೂ ಸುಲಭ, ಅದಕ್ಕೇ 20 ಅಂದೆ.

ಮಾವ: ಇದು ನನಗೆ ಹಿಡಿಸಿತು. ಪುಡಿ ಸುರಿದಷ್ಟೂ ಒಳ್ಳೇದು ಅನ್ನೋ ಗಿರಾಕಿಗಳಿಗೆ ತೋರಿಸಬೇಕು. ಸರಿ, ಅಷ್ಟು ಹಾಕಿದ್ರೆ ಬಲ ಎಷ್ಟು ಸಿಗುತ್ತೆ?

ಸೊಸೆ: ಅದನ್ನ ಕೇಳಿದ್ರೆ ನಗ್ತೀರಿ. ಭೂಮಿಯ ಕ್ಷೇತ್ರದ ಸಾವಿರ ಪಟ್ಟು, ಅಂದ್ರೆ 50 ಮಿಲಿಟೆಸ್ಲಾ ಹಚ್ಚಿದಾಗ ಚದರ ಸೆಂಟಿಮೀಟರಿಗೆ 70 ಗ್ರಾಂ.

ಮಾವ: ನಗೋದಲ್ಲ, ಅಳಬೇಕು. ನಿನ್ನ ಹಾಳೆಯದ್ದು ಆ ಮುಖವಾಡದ ಸಿಲಿಕೋನಿಗಿಂತ ಗಟ್ಟಿ ಜಾತಿ, ಪುಡಿ ತುಂಬಿದ ಮೇಲೆ ಅದರ ಮಾಡ್ಯುಲಸ್ ಏನಿಲ್ಲ ಅಂದ್ರೂ 10 ಕೆ.ಜಿ. ಆಗಿರುತ್ತೆ. ಮುಕ್ಕಾಲು ಪರ್ಸೆಂಟೂ ಇಲ್ಲವಲ್ಲೇ ಇದು.

ಸೊಸೆ: ಇಲ್ಲಿಂದ ಮುಂದೆ ವಸ್ತುವಿನ ಕೆಲಸ ಮುಗೀತು, ಆಕಾರದ ಕೆಲಸ ಶುರು. ಒಂದು ಕಡೆ ಬಿಗಿಯಾಗಿ ಹಿಡಿದ ಪಟ್ಟಿಯ ತುದಿ ಎಷ್ಟು ತಿರುಗುತ್ತೆ ಗೊತ್ತಾ? ಬಲವನ್ನ ಮಾಡ್ಯುಲಸ್‌ನಿಂದ ಭಾಗಿಸಿ, ಆರರಿಂದ ಗುಣಿಸಿ, ಆಮೇಲೆ ಉದ್ದವನ್ನ ದಪ್ಪದಿಂದ ಭಾಗಿಸಿ ಬಂದದ್ದರ ವರ್ಗದಿಂದ ಗುಣಿಸಿ. ಉದ್ದ 10 ಮಿಲಿಮೀಟರ್, ದಪ್ಪ 1 ಅಂದ್ರೆ ವರ್ಗ 100. ನಿಮ್ಮ ಮುಕ್ಕಾಲು ಪರ್ಸೆಂಟು ಆರುನೂರು ಪಟ್ಟಾಯ್ತು. ಲೆಕ್ಕ ಮಾಡಿದ್ರೆ ತುದಿ 240 ಡಿಗ್ರಿ ತಿರುಗುತ್ತೆ.

ಮಾವ: 240? ಪಟ್ಟಿ ತನ್ನ ಬೆನ್ನನ್ನೇ ದಾಟಿ ಹೋಯ್ತಲ್ಲೇ!

ಸೊಸೆ: ಹೋಗಲ್ಲ. ಕಣ ಕ್ಷೇತ್ರದ ದಿಕ್ಕಿಗೆ ಬಂದು ನಿಂತ ಮೇಲೆ ತಿರುಗಿಸೋ ಬಲವೇ ಇರಲ್ಲ. ಪಟ್ಟಿಯ ಉದ್ದಕ್ಕೆ ದಿಕ್ಕು ಬರೆದು ಅಡ್ಡಲಾಗಿ ಕ್ಷೇತ್ರ ಹಚ್ಚಿದ್ರೆ ತುದಿ 90 ಡಿಗ್ರಿ ದಾಟೋ ಹಾಗೇ ಇಲ್ಲ. ಸೂತ್ರಕ್ಕೆ ಅದು ಗೊತ್ತಿಲ್ಲ. ಪಟ್ಟಿ ಇನ್ನೂ ನೆಟ್ಟಗೇ ಇದೆ, ಮೊದಲಿದ್ದ ಬಲವೇ ಕೊನೇವರೆಗೂ ಇರುತ್ತೆ ಅಂತ ಅದು ನಂಬಿದೆ. ಉಕ್ಕಿನ ತೊಲೆಗೆ ಆ ನಂಬಿಕೆ ಸಾಕು, ಯಾಕಂದ್ರೆ ತೊಲೆ ಕೂದಲೆಳೆಯಷ್ಟು ಬಗ್ಗಿದ್ರೂ ಎಂಜಿನಿಯರಿಗೆ ನಿದ್ದೆ ಬರಲ್ಲ. ಇಲ್ಲಿ ಬಗ್ಗೋದೇ ಉದ್ದೇಶ. ಬಾಗಿದಷ್ಟೂ ಬಲ ಬದಲಾಗುತ್ತೆ, ಅದನ್ನ ಹೆಜ್ಜೆಹೆಜ್ಜೆಗೂ ಲೆಕ್ಕಕ್ಕೆ ತಗೋಬೇಕು.

ಮಾವ: ಅಂಥ ಲೆಕ್ಕ ಇದೆಯಾ?

ಸೊಸೆ: ಅಮೆರಿಕದ ವಿಲಿಯಂ ಫುಲ್ಲರ್ ಬ್ರೌನ್ 1966ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ರು. ಆಗ ಅದಕ್ಕೆ ತಕ್ಕ ವಸ್ತುವೇ ಕೈಲಿರಲಿಲ್ಲ. 2003ರಿಂದ ಈಚೆಗೆ ಡಾರ್ಫ್‌ಮನ್ ಮತ್ತು ಆಗ್ಡೆನ್ ರಬ್ಬರಿನ ದೊಡ್ಡ ಹಿಗ್ಗುವಿಕೆಯ ಗಣಿತಕ್ಕೂ ಕಾಂತದ ಗಣಿತಕ್ಕೂ ಗಂಟು ಹಾಕಿದ್ರು. 2019ರಲ್ಲಿ ಎಂಐಟಿ ತಂಡ ನಿಯೋಡಿಮಿಯಂ ಜಾತಿಗೆ ಅಂತಲೇ ಒಂದು ಸರಳ ಮಾದರಿ ಕೊಟ್ಟಿತು. ಕಣದ ಮೇಲಿನ ಬಾಣ ರಬ್ಬರಿನ ಜೊತೆಗೇ ತಿರುಗುತ್ತೆ, ಹೊರಗಿನ ಕ್ಷೇತ್ರ ಅದನ್ನ ಅಳಿಸಲ್ಲ ಅನ್ನೋದಷ್ಟೇ ಅದರ ತಿರುಳು. ಅದನ್ನ ಸಾಫ್ಟ್‌ವೇರಿಗೆ ಹಾಕಿ ನಾನು ದಿನವೂ ಬಳಸ್ತೀನಿ. ನಿಜವಾದ ಪಟ್ಟಿಯ ಪಕ್ಕ ಇಟ್ಟು ನೋಡಿದ್ರೆ ಚೆನ್ನಾಗಿ ಹೊಂದುತ್ತೆ.

ಮಾವ: ತೆಳು ಪಟ್ಟಿಗೆ ಆಯ್ತು. ದಪ್ಪ ತುಂಡು ಉದ್ದವಾಗಬೇಕು ಅಂದ್ರೆ? ಅಲ್ಲಿ ನಿನ್ನ ವರ್ಗದ ಆಟ ನಡೆಯಲ್ಲವಲ್ಲ.

ಸೊಸೆ: ನನಗೆ ತುಂಬ ಇಷ್ಟವಾದ ಉಪಾಯ ಅಲ್ಲೇ ಇರೋದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗ್ಯಾಲಿಪೊ ಮತ್ತು ಪೊಂಟೆ ಕಾಸ್ಟನೆಡಾ 2013ರಲ್ಲಿ ಕಾಗದದ ಮೇಲೆ ತೋರಿಸಿದ್ದು. ಕಣಗಳನ್ನ ದುಂಡಗೆ ಮಾಡದೆ ನೀಳವಾಗಿ ಮಾಡಿ, ಕ್ಷೇತ್ರಕ್ಕೆ ಓರೆಯಾಗಿ ಜೋಡಿಸಿದ್ರೆ ಕಬ್ಬಿಣದ ಕಣವೂ ತಿರುಗೋಕೆ ನೋಡುತ್ತೆ. ಎಲ್ಲ ಕಣಗಳೂ ಒಂದೇ ಓರೆಯಲ್ಲಿದ್ರೆ ಇಡೀ ತುಂಡು ಒಂದು ಕಡೆಗೆ ವಾಲುತ್ತೆ ಅಷ್ಟೇ. ಅವರು ಮಾಡಿದ್ದು ಮೀನಿನ ಮುಳ್ಳಿನ ವಿನ್ಯಾಸ. ಒಂದು ಪದರದಲ್ಲಿ ಎಡಕ್ಕೆ ಓರೆ, ಮುಂದಿನದರಲ್ಲಿ ಬಲಕ್ಕೆ ಓರೆ. ಒಂದು ಪದರ ಎಡಕ್ಕೆ ವಾಲೋಕೆ ಹೋದ್ರೆ ಪಕ್ಕದ್ದು ಬಲಕ್ಕೆ. ವಾಲೋದು ಒಂದಕ್ಕೊಂದು ಕಳೆದುಹೋಗಿ, ಕ್ಷೇತ್ರದ ಕಡೆಗೆ ನೇರವಾಗಿ ಉದ್ದವಾಗೋದು ಮಾತ್ರ ಉಳಿಯುತ್ತೆ. ಪುಡಿ ಹೆಚ್ಚಿಸದೆ, ಒಳಗಿನ ಜೋಡಣೆಯೊಂದನ್ನೇ ಬದಲಾಯಿಸಿ ಹಿಗ್ಗುವಿಕೆ ಹೆಚ್ಚಿಸೋದು.

ಮಾವ: ಕಾಗದದ ಮೇಲೆ ಅಂದೆ. ಅಷ್ಟು ಸಣ್ಣ ಕಣಗಳನ್ನ ಎಡಕ್ಕೊಂದು ಬಲಕ್ಕೊಂದು ಯಾರು ಕೂರಿಸ್ತಾರೆ? ನಮ್ಮ ಮಿಲ್ಲಿನಲ್ಲಿ ಕಲಸಿದ ಮೇಲೆ ಫಿಲ್ಲರ್ ಎಲ್ಲಿ ಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಸೊಸೆ: ಮಾಡೋದು ಕಷ್ಟ. ಅದಕ್ಕೇ ಜನ ತೆಳು ಪಟ್ಟಿಯ ಕಡೆಗೇ ಹೊರಳಿದ್ದಾರೆ.

ಮಾವ: ತೆಳು ಪಟ್ಟಿ ಸುರುಳಿ ಸುತ್ತಿಕೊಂಡ್ರೆ ಊರಿಗೇನು ಉಪಕಾರ? ವಿಡಿಯೋ ನೋಡೋಕೆ ಚೆನ್ನ, ಒಪ್ಪಿದೆ.

ಸೊಸೆ: ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬಂದಾಗ ಡಾಕ್ಟರು ತೊಡೆಯ ಹತ್ತಿರದಿಂದ ಅಥವಾ ಮಣಿಕಟ್ಟಿಂದ ಒಂದು ತೆಳು ತಂತಿ ಬಿಡ್ತಾರೆ, ಗೈಡ್‌ವೈರ್ ಅಂತ. ಅದರ ತುದಿ ಸ್ವಲ್ಪ ಡೊಂಕು. ಹೊರಗೆ ನಿಂತು ತಂತಿಯ ಬಾಲ ತಿರುಗಿಸಿ, ಎಕ್ಸ್-ರೇ ಪರದೆ ನೋಡ್ಕೊಂಡು, ತುದಿಯನ್ನ ಸರಿಯಾದ ಕವಲಿಗೆ ನುಗ್ಗಿಸಬೇಕು. ತಂತಿ ಅಷ್ಟು ದೂರ ತಿರುವಿನ ಮೇಲೆ ತಿರುವು ದಾಟಿ ಹೋದ ಮೇಲೆ ಬಾಲ ತಿರುಗಿಸಿದ್ದು ತುದಿಗೆ ಸರಿಯಾಗಿ ಮುಟ್ಟಲ್ಲ. ಎಂಐಟಿಯವರು 2019ರಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ದಾರದಂಥ ತುದಿ ಮಾಡಿದ್ರು. ಮೆತ್ತನೆಯ ಪಾಲಿಮರ್, ಒಳಗೆ ನಿಯೋಡಿಮಿಯಂ ಪುಡಿ, ಮೇಲೆ ಜಾರೋ ಹಾಗೆ ನೀರು ಹೀರೋ ಹೈಡ್ರೊಜೆಲ್ ಪದರ. ಹೊರಗಿನ ಅಯಸ್ಕಾಂತ ತಿರುಗಿಸಿದ್ರೆ ತುದಿಯೇ ಬಾಗಿ ಕವಲು ಹುಡುಕಿಕೊಳ್ಳುತ್ತೆ. ಮಿದುಳಿನ ರಕ್ತನಾಳದ ಸಿಲಿಕೋನ್ ಪ್ರತಿಕೃತಿಯಲ್ಲಿ ಅದನ್ನ ಓಡಿಸಿ ತೋರಿಸಿದ್ರು.

ಮಾವ: ಇದಾದ್ರೆ ಸರಿ. ತಲೆಬುರುಡೆಯ ಮೂಳೆ ಅಯಸ್ಕಾಂತಕ್ಕೆ ಅಡ್ಡ ಬರಲ್ವಾ?

ಸೊಸೆ: ಮಾಂಸ, ಮೂಳೆ ಅದಕ್ಕೆ ಇದ್ದೂ ಇಲ್ಲದ ಹಾಗೆ. ಅಡ್ಡ ಬರೋದು ದೂರ. ಅಯಸ್ಕಾಂತದಿಂದ ಸ್ವಲ್ಪ ದೂರ ಹೋದ ಮೇಲೆ ಕ್ಷೇತ್ರ ದೂರದ ಘನಕ್ಕೆ ತಕ್ಕ ಹಾಗೆ ಇಳಿಯುತ್ತೆ. ಎರಡರಷ್ಟು ದೂರ ಹೋದ್ರೆ ಎಂಟನೇ ಒಂದು ಪಾಲು. ಮೇಜಿನ ಮೇಲೆ 50 ಮಿಲಿಟೆಸ್ಲಾ ಸುಲಭ, ಮನುಷ್ಯನ ತಲೆಯ ನಡುವೆ ಅಷ್ಟನ್ನೇ ತರೋಕೆ ದೊಡ್ಡ ಅಯಸ್ಕಾಂತವೋ, ತಂಪು ಮಾಡೋ ಏರ್ಪಾಟಿರೋ ದೊಡ್ಡ ಸುರುಳಿಯೋ ಬೇಕು. ಪೇಪರುಗಳಲ್ಲಿ ಬಾಗೋ ಪಟ್ಟಿಯ ಫೋಟೊ ದೊಡ್ಡದಾಗಿರುತ್ತೆ, ಪಕ್ಕದಲ್ಲಿರೋ ಸುರುಳಿ ಫೋಟೊದ ಹೊರಗಿರುತ್ತೆ.

ಮಾವ: ನಮ್ಮ ಇಲ್ಲೇ ಐಐಎಸ್‌ಸಿಯವರು ಹಲ್ಲಿನೊಳಗೆ ಅಯಸ್ಕಾಂತದ ರೋಬೋ ಬಿಟ್ರು ಅಂತ ಪೇಪರಲ್ಲಿ ಓದಿದ್ದೆ. ಅದೂ ಇದೇ ಜಾತಿನಾ?

ಸೊಸೆ: ಅಯಸ್ಕಾಂತ ಒಂದೇ, ಜಾತಿ ಬೇರೆ. ಅಂಬರೀಶ್ ಘೋಷ್ ಅವರ ತಂಡದ್ದು ಅದು. ಹಲ್ಲಿನ ಡೆಂಟಿನ್ ಒಳಗೆ ಕೂದಲಿಗಿಂತ ಸಣ್ಣ ಕೊಳವೆಗಳಿರುತ್ತವೆ. ರೂಟ್ ಕೆನಾಲ್ ಆದ ಮೇಲೂ ಬ್ಯಾಕ್ಟೀರಿಯಾ ಅಲ್ಲಿ ಅವಿತುಕೊಂಡಿರಬಹುದು. ಅವರು ಸುರುಳಿ ಆಕಾರದ ಸಿಲಿಕಾ ಕಣಕ್ಕೆ ಕಬ್ಬಿಣ ಲೇಪಿಸಿ, ತಿರುಗೋ ಕ್ಷೇತ್ರದಿಂದ ಸ್ಕ್ರೂ ತಿರುಗಿಸಿದ ಹಾಗೆ ಒಳಗೆ ನುಗ್ಗಿಸಿ, ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಲ್ತಾರೆ. ಆ ಸ್ಕ್ರೂ ಗಟ್ಟಿ, ಬಳುಕಲ್ಲ. ಅಲ್ಲಿ ಕ್ಷೇತ್ರ ತಿರುಗುತ್ತೆ, ಆಕಾರ ಹಾಗೇ ಇರುತ್ತೆ. ನನ್ನದರಲ್ಲಿ ಆಕಾರವೇ ಬದಲಾಗಬೇಕು.

ಮಾವ: ಈಗ ನನ್ನ ಪ್ರಶ್ನೆ. ನಿಮ್ಮ ಪಟ್ಟಿ ಎಷ್ಟು ಸಲ ಬಾಗಿದೆ?

ಸೊಸೆ: ಯಾಕೆ?

ಮಾವ: ಪುಡಿ ಹಾಕಿದ ರಬ್ಬರು ಮೊದಲ ಸಲ ಎಳೆದಾಗ ಒಂದು ಥರ, ಆಮೇಲೆ ಮೆತ್ತಗೆ. ಮುಲ್ಲಿನ್ಸ್ ಎಫೆಕ್ಟ್ ಅಂತಾರೆ, ನಿನಗೆ ಗೊತ್ತಿರಬೇಕು. ನಿನ್ನ ಲೆಕ್ಕದಲ್ಲಿ ಇರೋ ಮಾಡ್ಯುಲಸ್ ಮೊದಲ ಎಳೆತದ್ದೋ ನೂರನೇದ್ದೋ? ಕಣ ರಬ್ಬರಿಗೆ ಅಂಟಿಕೊಂಡಿದೆ ಅಂದೆ. ತಿರುಚಿ ತಿರುಚಿ ಅಂಟು ಬಿಟ್ರೆ ಕಣ ತನ್ನ ಪಾಡಿಗೆ ಗೂಡಲ್ಲಿ ತಿರುಗುತ್ತೆ, ಪಟ್ಟಿ ಸುಮ್ಮನೆ ಮಲಗಿರುತ್ತೆ. ಆಮೇಲೆ ತುಕ್ಕು. ನಿಯೋಡಿಮಿಯಂ ಸ್ಪೀಕರ್ ಮ್ಯಾಗ್ನೆಟ್‌ಗೆ ನಿಕ್ಕಲ್ ಲೇಪ ಯಾಕೆ ಹಾಕ್ತಾರೆ? ಸಿಲಿಕೋನ್ ನೀರಿನ ಆವಿಯನ್ನ ಒಳಗೆ ಬಿಡುತ್ತೆ. ನೀನು ಅದನ್ನ ರಕ್ತದೊಳಗೆ ಇಡೋ ಮಾತಾಡ್ತಿದ್ದೀಯ.

ಸೊಸೆ: ತುಕ್ಕಿಗೆ ಕಣದ ಮೇಲೇ ಸಿಲಿಕಾ ಲೇಪ ಕೊಡೋದಿದೆ, ಎಂಐಟಿಯವರೂ ಗೈಡ್‌ವೈರಿಗೆ ಅದನ್ನೇ ಮಾಡಿದ್ರು. ಅಂಟು ಬಿಡೋದರ ಬಗ್ಗೆ ನಾನು ಇನ್ನೂ ಅಳತೆ ಮಾಡಿಲ್ಲ.

ಮಾವ: ನಮ್ಮ ಸೀಲ್ ಲಕ್ಷಾಂತರ ಸಲ ಉಜ್ಜಿಸಿಕೊಂಡ ಮೇಲೂ ಎಣ್ಣೆ ಸೋರಬಾರದು. ಸೋರಿದ್ರೆ ಗಿರಾಕಿಗೆ ನನ್ನ ಸೂತ್ರ ಬೇಕಾಗಿಲ್ಲ. ನಿಮ್ಮವರು ಎಷ್ಟು ಬಾಗಿತು ಅನ್ನೋದನ್ನ ಪೇಪರಿನ ಮೊದಲ ಪುಟದಲ್ಲಿ ಹಾಕ್ತಾರೆ, ಎಷ್ಟು ಸಲ ಬಾಗಿತು ಅನ್ನೋದನ್ನ ಕೊನೆಗೆ ಎಲ್ಲೋ ಸೇರಿಸ್ತಾರೆ. ಅದನ್ನ ತಿರುಗುಮುರುಗು ಮಾಡಿದ ದಿನ ನಾನು ನಿಮ್ಮ ಮಾಲನ್ನ ನಂಬ್ತೀನಿ.

ಸೊಸೆ: ಹಾಗಾದ್ರೆ ಹಾಳೆ ಮಾಡಿಕೊಡ್ತೀರೋ ಇಲ್ವೋ?

ಮಾವ: ಮಾಡ್ತೀನಿ. ಮಿಲ್ಲಿಗೆ ಮಾತ್ರ ಹಾಕಲ್ಲ. ಆ ಪುಡಿಯ ಚೂರು ಮುಂದಿನ ಬ್ಯಾಚಿನ ಆಯಿಲ್ ಸೀಲಿಗೆ ಸೇರಿದ್ರೆ ಶಾಫ್ಟ್ ಗೀರಿಹೋಗುತ್ತೆ. ಬೇರೆ ಪಾತ್ರೆಯಲ್ಲಿ ಕಲಸಿ, ವ್ಯಾಕ್ಯೂಮಿನಲ್ಲಿ ಗಾಳಿ ತೆಗೆದು, ಅಚ್ಚಿಗೆ ಸುರೀತೀನಿ. 7.6 ಸಾಂದ್ರತೆಯ ಪುಡಿ ತಳ ಸೇರೋದಕ್ಕೆ ಮುಂಚೆ ಕ್ಯೂರ್ ಆಗಬೇಕು, ಅದಕ್ಕೆ ಓವನ್ ಬಿಸಿ ಇಟ್ಟಿರ್ತೀನಿ. ಒಂದೇ ಬ್ಯಾಚಿಂದ ಎರಡು ಹಾಳೆ. ಒಂದು ನೀನು ಬಾಗಿಸೋಕೆ. ಇನ್ನೊಂದರಿಂದ ಟೆನ್ಸೈಲ್ ತುಂಡು ಕತ್ತರಿಸಿ, ಹತ್ತು ಸಾವಿರ ಸಲ ಎಳೆದು, ಮೊದಲೂ ಆಮೇಲೂ ಅಳೆದು ರಿಪೋರ್ಟ್ ತಂದುಕೊಡು. ಪುಡಿ ಕಾಂತ ಹತ್ತಿಸದೆ ಬರಲಿ, ಬೆಲೆ ಆಮೇಲೆ ಮಾತಾಡೋಣ.